ಎಂಬತ್ತಾರು ಸಾಲು

ನನ್ನ ಹೆಂಡತಿ ಶೈಲಜಾ ನಾರಾಯಣಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ನಾನು ಗುರುಲಿಂಗ, ಮಕ್ತಲ್‌ನ ಸರ್ಕಾರಿ ಶಾಲೆಯಲ್ಲಿ ಗಣಿತದ ಮಾಸ್ತರ. ಮನೆ ಮಕ್ತಲ್‌ನಲ್ಲೇ. ಆಕೆ ದಿನಾ ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಹೋಗಿ ಸಂಜೆ ಮರಳುತ್ತಾಳೆ. ಮುಖ ತೊಳೆದು, ಚಹಾ ಕುಡಿದು, ಅಡುಗೆಮನೆಯ ಪಕ್ಕದ ಸಣ್ಣ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳೆಂದರೆ ಆಕೆಯ ಎರಡನೆಯ ಕೆಲಸ ಶುರು.

ಆ ಕೆಲಸ ಏನೆಂದು ನನಗೆ ತಿಳಿಯಲು ಮೂರು ವರ್ಷ ಹಿಡಿಯಿತು. ಕಂಪ್ಯೂಟರಿನ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಪ್ರೋಗ್ರಾಮು ಒಂದಿರುತ್ತದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಆಕೆ ಕೆಲಸ ಮಾಡುವ ಕರ್ನಲ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಜಗತ್ತಿನ ಸಾವಿರಾರು ಮಂದಿ ಕೂಡಿ ಬರೆಯುತ್ತಾರೆ, ಬರೆದದ್ದು ಎಲ್ಲರ ಕಣ್ಣಮುಂದೆ ಬಯಲಿಗಿರುತ್ತದೆ. ತಪ್ಪು ಕಂಡವರು ತಿದ್ದಿ ಕಳಿಸಬಹುದು. ಉಸ್ತುವಾರಿಯವರು ನೋಡಿ, ಸರಿ ಎನಿಸಿದರೆ ಸೇರಿಸಿಕೊಳ್ಳುತ್ತಾರೆ. ಶೈಲಜಾ ಅಷ್ಟೊತ್ತಿಗೆ ಹನ್ನೊಂದು ತಿದ್ದುಪಡಿ ಕಳಿಸಿದ್ದಳು. ಎಲ್ಲ ಸಣ್ಣವು. ಎಲ್ಲೋ ಒಂದು ಕಾಗುಣಿತ, ಎಲ್ಲೋ ಬಳಸದೆ ಬಿಟ್ಟ ಒಂದು ಹೆಸರು. ಹನ್ನೊಂದೂ ಸೇರಿಕೊಂಡಿದ್ದವು.

ಎರಡು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಆಕೆ ಕರೆದಳು.

"ರೀ, ಸ್ವಲ್ಪ ಇಲ್ಲಿ ಬರ್ರಿ. ಇವೆರಡೂ ಒಂದೇ ಅದಾವೋ, ಬ್ಯಾರೆ ಬ್ಯಾರೆ ಅದಾವೋ, ನೋಡಿ ಹೇಳ್ರಿ."

ಪರದೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ಕೋಡ್ ಇತ್ತು. ನನಗೆ ಅದರ ಭಾಷೆ ಬರುವುದಿಲ್ಲ. ಆದರೆ ಒಬ್ಬನ ಪತ್ರಿಕೆ ನೋಡಿ ಇನ್ನೊಬ್ಬ ಬರೆದದ್ದನ್ನು ಹಿಡಿಯುವ ಕಣ್ಣು ಮಾಸ್ತರನಿಗೆ ಇದ್ದೇ ಇರುತ್ತದೆ. ಸಾಲು ಸಾಲಾಗಿ ನೋಡಿದೆ.

"ಇದು ಅದರ ಕಾಪಿ. ನಡುವ ಒಂದು ಕಡೆ ಮೂರು ಸಾಲು ಹೆಚ್ಚಿಗಿ ಅದಾವ, ಅಷ್ಟೇ."

"ಹೌದಲ್ಲ? ಆ ಮೂರೇ."

ಅದು ಒಂದು ಹಳೆಯ ಫೈಲ್ ಸಿಸ್ಟಮ್. ಅಂದರೆ, ಡಿಸ್ಕಿನ ಮೇಲೆ ಯಾವ ಫೈಲು ಎಲ್ಲಿದೆ, ಅದರ ಹೆಸರೇನು ಎಂದು ನೆನಪಿಡುವ ಭಾಗ. ಶೈಲಜಾ ನನಗೆ ಬಿಡಿಸಿ ಹೇಳಿದ್ದು ಇಷ್ಟು: ಪ್ರತಿ ಫೋಲ್ಡರಿಗೂ ಡಿಸ್ಕಿನ ಮೇಲೆ ಹೆಸರುಗಳ ಪಟ್ಟಿ ಇರುತ್ತದೆ. ಒಂದೊಂದು ಹೆಸರಿನ ಜೊತೆಗೂ 'ಇದು ಇಷ್ಟು ಜಾಗ ಹಿಡಿದಿದೆ' ಎಂಬ ಅಂಕಿ. ಈ ಪಟ್ಟಿ ಓದುವ ಕೋಡ್ ಎರಡು ಕಡೆ ಇತ್ತು. ಹೆಸರು ಹುಡುಕುವಾಗ ಒಂದು ಓಡುತ್ತದೆ, ಹೊಸ ಹೆಸರು ಸೇರಿಸುವಾಗ ಇನ್ನೊಂದು. ಒಂದೇ ಕೋಡನ್ನು ಎರಡು ಕಡೆ ಇಡುವುದು ಕೆಟ್ಟ ಪದ್ಧತಿ; ಒಂದು ಕಡೆ ತಿದ್ದಿದವರು ಇನ್ನೊಂದನ್ನು ಮರೆಯುತ್ತಾರೆ. ಹೆಸರು ಸೇರಿಸುವ ಕಡೆಯ ಎಂಬತ್ತಾರು ಸಾಲನ್ನು ತೆಗೆದು, ಅಲ್ಲಿಯೂ ಮೊದಲನೆಯದನ್ನೇ ಕರೆದರೆ ಆಯಿತು ಎಂಬುದು ಆಕೆಯ ವಿಚಾರ.

"ಆ ಮೂರು ಸಾಲು ಏನು ಹೇಳ್ತಾವು?"

"ಜಾಗದ ಅಂಕಿ ಸೊನ್ನಿ ಇದ್ರ, ಕೊನೀತನಕ ತುಂಬೇತಿ ಅಂತ ತಿಳಕೋ ಅಂತಾವು. ಇನ್ನೊಂದ್ರಾಗ ಸೊನ್ನಿ ಇದ್ರ ಪಟ್ಟಿ ಮುಗೀತು ಅಂತ ಐತಿ. ಯಾಕ ಹಂಗ ಬರದಾರ, ಒಂದು ಮಾತೂ ಬರದಿಟ್ಟಿಲ್ಲ."

"ಸೊನ್ನಿ ಅಂದ್ರ ಏನೂ ಇಲ್ಲ ಅಂತ. ತುಂಬೇತಿ ಅಂತ ಹೆಂಗಾಗತೈತಿ?" ಅಂದೆ. ಗಣಿತದ ಮಾಸ್ತರನಲ್ಲವೆ ನಾನು. ಆ ಮಾತನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಆಕೆ ನನ್ನ ಮಾತು ನಂಬಿ ಮಾಡಲಿಲ್ಲ, ಅದನ್ನೂ ಹೇಳಬೇಕು. ಈಗಿನ ಡಿಸ್ಕುಗಳಲ್ಲಿ ಅಂಥ ಸೊನ್ನೆ ಎಲ್ಲಾದರೂ ಬರುತ್ತದೆಯೇ ಎಂದು ಹುಡುಕಿದಳು. ಬರುತ್ತಿರಲಿಲ್ಲ. ಕೆಲಸ ಮಾಡುವವರೆಲ್ಲ ಪತ್ರ ಬರೆಯುವ ಒಂದು ಬಹಿರಂಗ ಪಟ್ಟಿ ಇದೆ. ಅಲ್ಲಿ, ಈ ಮೂರು ಸಾಲು ಯಾಕಿವೆ, ಬಲ್ಲವರು ಹೇಳಿ ಎಂದು ಕೇಳಿದಳು. ಹದಿನೈದು ದಿನ ಕಾದಳು. ಯಾರೂ ಉತ್ತರ ಬರೆಯಲಿಲ್ಲ. ತಾನೇ ಹತ್ತು ಬಗೆಯಲ್ಲಿ ಪರೀಕ್ಷೆ ಮಾಡಿದಳು, ಹತ್ತೂ ಪಾಸಾದವು. ಆಮೇಲೆ ಕಳಿಸಿದಳು.

ಆ ಫೈಲ್ ಸಿಸ್ಟಮ್ಮಿನ ಉಸ್ತುವಾರಿ ಯುರೋಪಿನ ಒಬ್ಬ ವಯಸ್ಸಾದ ಮನುಷ್ಯನದು. ನಾಲ್ಕು ದಿನಕ್ಕೆ ಆತನ ಉತ್ತರ ಬಂತು: ಚೆನ್ನಾಗಿದೆ, ಈ ಕಸವನ್ನು ತೆಗೆಯಬೇಕೆಂದು ನಾನೂ ವರ್ಷಗಟ್ಟಲೆ ಅಂದುಕೊಂಡಿದ್ದೆ, ಉಪಕಾರವಾಯಿತು. ಶೈಲಜಾ ಆ ಪತ್ರವನ್ನು ನನಗೆ ಎರಡು ಸಲ ಓದಿ ಹೇಳಿದಳು. ಅವತ್ತು ಮಧ್ಯಾಹ್ನ ಹೋಳಿಗೆ ಮಾಡಿದಳು, ಹಬ್ಬವಲ್ಲ, ಏನಲ್ಲ. ಮುಂದಿನ ಬಿಡುಗಡೆಯಲ್ಲಿ ಅದು ಎಲ್ಲ ಕಡೆಗೂ ಹೋಯಿತು, ಆಕೆಯ ಹೆಸರಿನ ಸಮೇತ.

ಇನ್ನು ಭೀಮಶಂಕರನ ವಿಷಯ. ಮಹಬೂಬ್‌ನಗರದಲ್ಲಿ ಬಿ.ಎಡ್. ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವನು. ಈಗ ಗದ್ವಾಲದ ಒಂದು ಜೂನಿಯರ್ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಾನೆ. ಕುರುಬರ ಮನೆತನ, ಬೀರಪ್ಪ ಮನೆದೇವರು. ಅವನ ದೊಡ್ಡಪ್ಪ ಬೀರಯ್ಯ ಧರೂರಿನಲ್ಲಿ ಕುರಿ ಸಾಕಿಕೊಂಡಿದ್ದವರು. ಬೀರಪ್ಪನ ಕತೆ ಹಾಡುವುದರಲ್ಲಿ ಸುತ್ತ ಹತ್ತೂರಲ್ಲಿ ಅವರ ಹೆಸರಿತ್ತು. ಆ ಕಡೆ ಈಗ ಎಲ್ಲರೂ ತೆಲುಗಿನಲ್ಲಿ ಹಾಡುತ್ತಾರೆ. ಕನ್ನಡದಲ್ಲಿ, ಏಳು ಭಾಗವನ್ನೂ ಮೊದಲಿನಿಂದ ಕೊನೆಯವರೆಗೆ ಬಲ್ಲವರು ಬೀರಯ್ಯ ಒಬ್ಬರೇ ಉಳಿದಿದ್ದರು. ಭೀಮಶಂಕರ ಅವರನ್ನು ಕೂರಿಸಿಕೊಂಡು ಎರಡು ಬೇಸಿಗೆ ರಜೆಯಲ್ಲಿ ಇಡೀ ಕತೆ ರೆಕಾರ್ಡ್ ಮಾಡಿದ. ಮೂವತ್ತೊಂದು ತಾಸು. ಬೀರಯ್ಯ ಹಾಕಿದ ಷರತ್ತು ಒಂದೇ:

"ಫೋನಿನ್ಯಾಗ ಬಿಡಬ್ಯಾಡ. ದೀಪ ಹಚ್ಚಿ ಕೇಳೋ ಕತಿ ಇದು. ಹಾದಿಗೆ ಹೋಗೋರು ಕೇಳಿ ನಗಬಾರದು."

ಹಾಗಾಗಿ ಅದು ಬೇರೆಲ್ಲಿಯೂ ಹೋಗಲಿಲ್ಲ. ಒಂದು ಪ್ರತಿ ಭೀಮಶಂಕರನ ಲ್ಯಾಪ್‌ಟಾಪಿನಲ್ಲಿತ್ತು. ಆ ಲ್ಯಾಪ್‌ಟಾಪ್ ಒಂದು ಬೇಸಿಗೆಯಲ್ಲಿ ಕೆಟ್ಟುಹೋಯಿತು. ಇನ್ನೊಂದು ಪ್ರತಿ ಮನೆಯ ಅಟ್ಟದ ಮೇಲೆ, ಕಪ್ಪು ಪೆಟ್ಟಿಗೆಯಂಥ ಒಂದು ಡಿಸ್ಕಿನಲ್ಲಿ. ಬಹಳ ಹಳೆಯದು, ಯಾರೋ ಮಾರಿದ್ದನ್ನು ಕೊಂಡಿದ್ದ. ಅದನ್ನು ಮಾಡಿದ ಕಂಪನಿ ಅದರ ಕಡೆ ನೋಡುವುದನ್ನೇ ಬಿಟ್ಟಿತ್ತು. ಶೈಲಜಾ ಒಂದು ಸಲ ಹೋಗಿ, ಒಳಗಿನ ಹಳೇ ಪ್ರೋಗ್ರಾಮು ತೆಗೆದು ಹೊಸದು ಹಾಕಿ, ಅದು ತನ್ನಷ್ಟಕ್ಕೆ ತಾನೇ ಹೊಸ ಕರ್ನಲ್ ಇಳಿಸಿಕೊಳ್ಳುವ ಹಾಗೆ ಮಾಡಿ ಬಂದಿದ್ದಳು. ಹಳೇ ಕರ್ನಲ್ ಇದ್ದರೆ ಕಳ್ಳರು ನುಗ್ಗುತ್ತಾರೆ ಎಂದು ಅವನಿಗೆ ತಿಳಿಸಿ ಹೇಳಿದ್ದಳು.

ಆಮೇಲೆ ಬೀರಯ್ಯನವರಿಗೆ ಗಂಟಲಲ್ಲಿ ಗಂಟು ಬಂತು. ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ತೆಳು ಬಟ್ಟೆ. ಮಾತಿಲ್ಲ. ಓದು ಬರಹ ಮೊದಲಿನಿಂದಲೂ ಇಲ್ಲ. ಭಾನುವಾರ ಭಾನುವಾರ ಧರೂರಿನಿಂದ ಬಸ್ಸು ಹತ್ತಿ ಗದ್ವಾಲಕ್ಕೆ ಬರುತ್ತಿದ್ದರು. ಭೀಮಶಂಕರನ ಹೆಂಡತಿ ಹರಿತಾ ದೇವರ ಮುಂದೆ ದೀಪ ಹಚ್ಚಿ, ಅವರು ಬೆರಳು ತೋರಿಸಿದ ಭಾಗವನ್ನು ಹಚ್ಚುತ್ತಿದ್ದಳು. ಕಣ್ಣು ಮುಚ್ಚಿ ತಮ್ಮದೇ ಹಾಡು ಕೇಳಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದರು.

ಕಳೆದ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಭೀಮಶಂಕರನ ಫೋನು ಬಂತು.

"ಗುರುಲಿಂಗ, ವೈನಿ ಮನ್ಯಾಗ ಅದಾರೇನು? ದೊಡ್ಡಪ್ಪ ನಾಲ್ಕು ಬೆಳ್ಳು ತೋರಿಸಿದ್ರು. ನಾಲ್ಕನೇ ಭಾಗ ಕಾಣವಲ್ದು. ನಾಲ್ಕು ಬಿಡು, ಯಾವುದೂ ಕಾಣವಲ್ದು. ಮೊನ್ನೆ ಮೊನ್ನೆ ಹಾಕಿದ ಕಾಲೇಜಿನ ವಿಡಿಯೋ ಅಷ್ಟೇ ಅದಾವ."

ಶೈಲಜಾ ಫೋನು ಕಸಿದುಕೊಂಡಳು. "ಅಣ್ಣಾರ, ಏನೂ ಮುಟ್ಟಬ್ಯಾಡ್ರಿ. ವೈರು ಕಿತ್ತು ಇಡ್ರಿ. ನಾವು ಬರತೀವಿ."

ಮಕ್ತಲ್‌ನಿಂದ ಜುರಾಲಾ ಅಣೆಕಟ್ಟು ದಾಟಿ ಗದ್ವಾಲ ಮುಟ್ಟುವವರೆಗೆ ಆಕೆ ಧೈರ್ಯವಾಗಿಯೇ ಇದ್ದಳು. ಹೆಸರು ಕಾಣದಿದ್ದರೂ ಫೈಲು ಒಳಗೆ ಇರುತ್ತವೆ, ತೆಗೆಯಬಹುದು ಎಂದು ನನಗೇ ಸಮಾಧಾನ ಹೇಳಿದಳು. ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾದಾಗ ಕಡಲೆಕಾಯಿ ಕೊಂಡು ಇಬ್ಬರೂ ತಿಂದೆವು.

ಭೀಮಶಂಕರನ ಮನೆಯಲ್ಲಿ ಬೀರಯ್ಯ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನಾವು ಕೈಮುಗಿದಾಗ ತಲೆಯಾಡಿಸಿದರು. ದೇವರ ಮುಂದೆ ಬೆಳಿಗ್ಗೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಶೈಲಜಾ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಕೆಲಸಕ್ಕೆ ಕೂತಳು. ಅರ್ಧ ತಾಸು ಏನೇನೋ ಬೆರಳಚ್ಚಿಸಿದಳು. ಹರಿತಾ ಚಹಾ ತಂದಿಟ್ಟಳು, ಅದು ಆರಿಹೋಯಿತು.

ಆಮೇಲೆ ಆಕೆಯ ಕೈ ನಿಂತಿತು. ಪರದೆಯ ಮೇಲೆ ಅಂಕಿಗಳು, ಅಕ್ಷರಗಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಹಾಗೇ ಕೂತಳು. ಎದ್ದು, "ರೀ, ಸ್ವಲ್ಪ ಹೊರಗ ಬರ್ರಿ" ಅಂದಳು. ಬಾಗಿಲ ಮುಂದಿನ ಬೇವಿನ ಗಿಡದ ನೆರಳಿಗೆ ಹೋದೆವು.

"ಆ ಸೊನ್ನಿ ನೆನಪೈತೇನ್ರಿ?"

"ಯಾವ ಸೊನ್ನಿ?"

"ಮೂರು ಸಾಲಿನ್ಯಾಗ ಇತ್ತಲ್ಲ. ಈ ಡಿಸ್ಕಿನ ತುಂಬ ಅದಾವ. ಹಳೇ ಕಾಲದಾಗ ಜಾಗದ ಅಂಕಿ ಬರಿಯೋ ಖಾನೆ ಸಣ್ಣದಿತ್ತು. ದೊಡ್ಡ ಅಂಕಿ ಹಿಡಸ್ತಿರಲಿಲ್ಲ. ಅದಕ್ಕ, ಪೂರ್ತಿ ತುಂಬೇತಿ ಅನ್ನಾಕ ಸೊನ್ನಿ ಬರೀತಿದ್ರು. ಅದನ್ನ ಬಲ್ಲದ್ದು ಆ ಮೂರು ಸಾಲು ಮಾತ್ರ. ನಾ ಅದನ್ನ ತಗದ ಮ್ಯಾಲೆ, ಹೊಸ ಫೈಲು ಇಟ್ಟಾಗೆಲ್ಲ ಕರ್ನಲ್ ಸೊನ್ನಿ ನೋಡಿ, ಖಾಲಿ ಐತಿ ಅಂತ ಹಳೇ ಹೆಸರಿನ ಮ್ಯಾಲೆ ಬರದೈತಿ." ಆಕೆಯ ದನಿ ಸಪಾಟಾಗಿತ್ತು, ಪಾಠ ಹೇಳುವಂತೆ. "ಇದು ನಂದೇರಿ. ನಾ ಮಾಡಿದ್ದು."

"ಫೈಲು ಒಳಗ ಇರತಾವ ಅಂದಿದ್ದೆಲ್ಲ?"

"ಇದ್ದವು. ಪೆಟ್ಟಿಗಿ ಮೂರು ದಿನದ ಹಿಂದ ಕರೆಂಟ್ ಹೋಗಿ ಬಂದಾಗ ತಾನೇ ಡಿಸ್ಕ್ ತಪಾಸಣೆ ಮಾಡೇತಿ. ಹೆಸರಿಲ್ಲದ ಫೈಲು ಯಾರವೂ ಅಲ್ಲ ಅಂತ ಜಾಗ ಬಿಡಿಸೇತಿ. ಆಮ್ಯಾಲೆ ಅಣ್ಣಾರು ಕಾಲೇಜಿನ ವಿಡಿಯೋ ಎಲ್ಲ ಅದರ ಮ್ಯಾಲೇ ಹಾಕ್ಯಾರ."

"ಈಗ ಹೇಳಬ್ಯಾಡ. ಮೊದಲು ಎಷ್ಟು ಸಿಗತೈತಿ ನೋಡು, ಆಮ್ಯಾಲೆ ಹೇಳೋಣ" ಅಂದೆ. ಆಕೆ ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಹೋಗುವಷ್ಟರಲ್ಲಿ ಶುರು ಮಾಡಿಬಿಟ್ಟಿದ್ದಳು.

"ಅಣ್ಣಾರ, ಇದು ತಾನಾಗಿ ಕೆಟ್ಟಿದ್ದಲ್ಲ. ಕೆಡಿಸಿದ ಕೋಡ್ ನಾ ಬರದದ್ದು."

ಭೀಮಶಂಕರ ನಕ್ಕ. "ಪೆಟ್ಟಿಗಿ ಹಾಕಿಕೊಟ್ಟವರು ನೀವು ಅಂತ ಹಂಗ ಅನಕೋಬ್ಯಾಡ್ರಿ ವೈನಿ. ಹಳೇ ಮಾಲು ಅದು."

"ಹಂಗಲ್ರಿ." ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಎಂಬತ್ತಾರು ಸಾಲು ತೆಗೆದ ದಾಖಲೆ ಅಲ್ಲಿತ್ತು. ಮೇಲೆ ಇಂಗ್ಲಿಷಿನಲ್ಲಿ ಆಕೆಯ ಹೆಸರು, ತಾರೀಖು. ನಿಧಾನವಾಗಿ, ಎಲ್ಲವನ್ನೂ ಹೇಳಿದಳು. ಒಂದು ಮಾತೂ ಮೆತ್ತಗೆ ಮಾಡಲಿಲ್ಲ.

ಅವನು ಆ ಹೆಸರನ್ನು ಬಹಳ ಹೊತ್ತು ನೋಡಿದ. "ಅಂದ್ರ, ಎಲ್ಲಾರ ಕಂಪ್ಯೂಟರ್‌ನ್ಯಾಗೂ ಹಿಂಗ ಆಗೇತೇನು?"

"ಇಲ್ಲ. ಇಂಥ ಹಳೇ ಡಿಸ್ಕ್ ಇದ್ದೋರಿಗಿ ಮಾತ್ರ."

"ನಮ್ದು ಹಳೇದು."

"ಹೌದ್ರಿ."

"ಏಂ ಚೇಸ್ತಾಂ" ಎಂದು ತೆಲುಗಿನಲ್ಲಿ ತನಗೆ ತಾನೇ ಅಂದುಕೊಂಡ. ಏನು ಮಾಡೋದು. ಎದ್ದು ಹಿತ್ತಲಿಗೆ ಹೋದ. ಅಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಎಷ್ಟೋ ಹೊತ್ತು ನಿಲ್ಲಲಿಲ್ಲ.

ಹರಿತಾ ಬೀರಯ್ಯನವರ ಪಕ್ಕ ಕೂತು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ವಿಷಯ ತಿಳಿಸಿದಳು. ಅವರಿಗೆ ಎಷ್ಟು ತಿಳಿಯಿತೋ. ಹಾಡು ಹೋಗಿದೆ ಎಂಬುದು ತಿಳಿಯಿತು. ಶೈಲಜಾಳ ಕಡೆ ತಿರುಗಿ ತುಟಿ ಆಡಿಸಿದರು. ಸದ್ದಿಲ್ಲ. ಶೈಲಜಾಗೆ ಅರ್ಥವಾಗಲಿಲ್ಲ, ನನಗೂ ಇಲ್ಲ. ಬೈಯುತ್ತಿದ್ದಾರೆ ಎಂದುಕೊಂಡೆ.

"ಮಾವ ಏನಂದ್ರು?" ಶೈಲಜಾ ಕೇಳಿದಳು.

ಹರಿತಾ ತಲೆ ತಗ್ಗಿಸಿದಳು. "ಉಂಡ್ರೇನು ಅಂತ ಕೇಳಾಕತ್ತಾರ್ರಿ."

ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಳು. ನಾನು ಹೆಗಲ ಮೇಲೆ ಕೈ ಇಟ್ಟೆ. ಅದರಿಂದ ಏನೂ ಆಗಲಿಲ್ಲ.

ಡಿಸ್ಕನ್ನು ಮಕ್ತಲ್‌ಗೆ ತಂದೆವು. ಶೈಲಜಾ ಮೊದಲು ಯುರೋಪಿನ ಆ ಉಸ್ತುವಾರಿಗೆ ಬರೆದಳು: ನನ್ನ ತಿದ್ದುಪಡಿಯಿಂದ ಹಳೆಯ ಡಿಸ್ಕುಗಳಲ್ಲಿ ಫೈಲು ನಾಶವಾಗುತ್ತಿವೆ, ಕಾರಣ ಹೀಗಿದೆ, ಹಿಂದಕ್ಕೆ ತೆಗೆಯಬೇಕು. ಒಂದು ತಾಸಿಗೆ ಉತ್ತರ ಬಂತು. ಆ ಮುದುಕ ಒಳ್ಳೆಯವನು. ನಾನೂ ನೋಡಿ ಒಪ್ಪಿದ್ದೇನೆ, ನಿನ್ನದಷ್ಟೇ ನನ್ನದೂ ತಪ್ಪು ಎಂದು ಬರೆದಿದ್ದ. ಆ ಮೂರು ಸಾಲು ಬರೆದ ಮನುಷ್ಯ ಇಪ್ಪತ್ತು ವರ್ಷದ ಹಿಂದೆಯೇ ಈ ಕೆಲಸ ಬಿಟ್ಟಿದ್ದನಂತೆ, ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ನೀನೇ ತಿರುಗಿ ಹಾಕಿ ಕಳಿಸು ಎಂದ.

ಆಕೆ ಎಂಬತ್ತಾರು ಸಾಲನ್ನೂ ಮೊದಲಿದ್ದ ಜಾಗದಲ್ಲೇ ಇಟ್ಟಳು. ಆ ಮೂರು ಸಾಲಿನ ಮೇಲೆ, ಸೊನ್ನೆಯ ಅರ್ಥವೇನು, ಇದನ್ನು ಯಾಕೆ ತೆಗೆಯಬಾರದು ಎಂದು ವಿವರ ಬರೆದಳು. ಎರಡೇ ದಿನದಲ್ಲಿ ಅದು ಒಪ್ಪಿಗೆಯಾಯಿತು. ಆದರೆ ಅಷ್ಟೊತ್ತಿಗೆ ಅದೇ ಪಟ್ಟಿಯಲ್ಲಿ ಇನ್ನೂ ನಾಲ್ಕು ಜನ ತಮ್ಮ ಡಿಸ್ಕು ಖಾಲಿಯಾದುದನ್ನು ಬರೆದಿದ್ದರು. ಒಬ್ಬರ ಊರಿನ ಮಳೆ-ಗಾಳಿಯ ಇಪ್ಪತ್ತು ವರ್ಷದ ದಾಖಲೆ. ಒಬ್ಬಾತನ ತೀರಿಕೊಂಡ ಮಗಳ ಫೋಟೋ. ಶೈಲಜಾ ನಾಲ್ವರಿಗೂ ಬೇರೆ ಬೇರೆ ಪತ್ರ ಬರೆದಳು. ಮೂವರು ಪರವಾಗಿಲ್ಲ ಎಂದರು. ಮಗಳ ಫೋಟೋ ಕಳೆದುಕೊಂಡಾತ ಬರೆದ ಪತ್ರವನ್ನು ನನಗೆ ಓದಿ ಹೇಳೆಂದೆ. ಬ್ಯಾಡ್ರಿ ಎಂದಳು.

ದಸರಾ ರಜೆಯೆಲ್ಲ ಆಕೆ ಆ ಡಿಸ್ಕಿನ ಮುಂದೆಯೇ ಕೂತಳು. ಹೆಸರಿಲ್ಲ, ವಿಳಾಸವಿಲ್ಲ, ಡಿಸ್ಕಿನ ಒಂದೊಂದು ತುಣುಕನ್ನೂ ತೆಗೆದು, ಇದರಲ್ಲಿ ಧ್ವನಿ ಇದೆಯೇ ಎಂದು ನೋಡುವುದು. ನನ್ನ ಅತ್ತೆ, ಶೈಲಜಾಳ ತಾಯಿ ಚನ್ನವೀರಮ್ಮ, ನಾರಾಯಣಪೇಟೆಯಿಂದ ಬಂದು ಹದಿನೈದು ದಿನ ಅಡುಗೆ ಮಾಡಿ ಹಾಕಿದರು. "ಗದ್ವಾಲದ ಮಂದಿ ಬೈದಾರೇನು?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. "ಬೈದಿದ್ರ ಚಲೋ ಇತ್ತು" ಎಂದು ರೊಟ್ಟಿ ತಟ್ಟತೊಡಗಿದರು.

ನಾನು ಡಿಸ್ಕನ್ನು ಹೈದರಾಬಾದಿಗೂ ಒಯ್ದೆ. ಇಂಥ ಕೆಲಸವನ್ನೇ ಮಾಡುವ ಒಂದು ಅಂಗಡಿಯಲ್ಲಿ ಒಬ್ಬ ಹುಷಾರಿ ಮನುಷ್ಯ ಎರಡು ದಿನ ಇಟ್ಟುಕೊಂಡು ನೋಡಿದ. "ಸಾರ್, ನಿಮ್ಮ ಕಡೆಯವರು ಎಷ್ಟು ತೆಗೆದಿದ್ದಾರೋ ಅದಕ್ಕಿಂತ ಒಂದು ನಿಮಿಷವೂ ಹೆಚ್ಚು ನನಗೆ ಸಿಗಲಿಲ್ಲ. ಮೇಲೆ ಬೇರೆ ಬರೆದುಬಿಟ್ಟರೆ ಮುಗೀತು" ಎಂದ. ಯಾರು ತೆಗೆದದ್ದು, ಬಹಳ ಚೆನ್ನಾಗಿ ಮಾಡಿದ್ದಾರೆ ಎಂದೂ ಕೇಳಿದ. ನನ್ನ ಹೆಂಡತಿ ಎಂದೆ. ಮನೆಗೆ ಬಂದು ಆಕೆಗೆ ಮೊದಲನೆಯ ಮಾತಷ್ಟೇ ಹೇಳಿದೆ.

ಮೂವತ್ತೊಂದು ತಾಸಿನಲ್ಲಿ ಸಿಕ್ಕಿದ್ದು ಹನ್ನೆರಡೂವರೆ. ಅದೂ ತುಂಡು ತುಂಡು. ಅವನ್ನು ಒಂದು ಹೊಸ ಡಿಸ್ಕಿನಲ್ಲಿ ಹಾಕಿ, ಇನ್ನೊಂದು ಪ್ರತಿ ನಮ್ಮಲ್ಲಿ ಇಟ್ಟುಕೊಂಡು, ದೀಪಾವಳಿ ಕಳೆದ ಮೇಲೆ ಗದ್ವಾಲಕ್ಕೆ ಹೋದೆವು. ಯಾವ ತುಂಡು ಯಾವ ಭಾಗದ್ದೆಂದು ಬೀರಯ್ಯನವರೇ ಹೇಳಬೇಕಿತ್ತು. ಹರಿತಾ ಒಂದೊಂದೇ ಹಚ್ಚಿದಳು. ಎರಡು ಮಾತು ಕೇಳುವಷ್ಟರಲ್ಲಿ ಅವರು ಬೆರಳು ತೋರಿಸುತ್ತಿದ್ದರು: ಒಂದು, ಎರಡು, ಆರು, ಎರಡು. ಒಂದು ತುಂಡು ಹಾಡಿನ ನಡುವೆಯೇ ಕಡಿದು ಕಾಲೇಜಿನ ವಾರ್ಷಿಕೋತ್ಸವದ ಚಪ್ಪಾಳೆ ಶುರುವಾಯಿತು. ಅವರು ಕಣ್ಣು ತೆರೆದು ಸುತ್ತ ನೋಡಿದರು. ಹರಿತಾ ಥಟ್ಟನೆ ನಿಲ್ಲಿಸಿದಳು.

ಎಲ್ಲ ಮುಗಿದಾಗ ಲೆಕ್ಕ ಹೀಗಿತ್ತು: ಒಂದು ಮತ್ತು ಎರಡನೆಯ ಭಾಗ ಪೂರ್ತಿ, ಆರನೆಯದು ಅರ್ಧ, ಐದನೆಯದು ಹತ್ತು ನಿಮಿಷ. ಮೂರು, ಏಳು ಇಲ್ಲ. ನಾಲ್ಕು ಇಲ್ಲ. ಅವರು ಮತ್ತೆ ನಾಲ್ಕು ಬೆರಳು ಎತ್ತಿ ಹಿಡಿದರು. ಶೈಲಜಾ ಇಲ್ಲವೆಂದು ತಲೆಯಾಡಿಸಿದಳು. ಬೆರಳು ಮಡಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದರು.

"ನಾಲ್ಕರಾಗ ಏನೈತಿ?" ಎಂದು ನಾನು ಭೀಮಶಂಕರನನ್ನು ಮೆಲ್ಲಗೆ ಕೇಳಿದೆ.

"ಬೀರಪ್ಪ ತನ್ನ ಅಕ್ಕನ್ನ ಹುಡಿಕ್ಕೊಂಡು ಹೋಗೋದು. ಬ್ಯಾರೆಯೋರೂ ಹಾಡತಾರ. ಆದ್ರ ದೊಡ್ಡಪ್ಪ ಹಾಡೋವಾಗ ಹಾದ್ಯಾಗಿನ ಊರು, ಗುಡ್ಡ, ಹುಲ್ಲು ಎಲ್ಲದರ ಹೆಸರು ಬರತಿತ್ತು. ನಮ್ಮ ಕುರಿ ಎಲ್ಲೆಲ್ಲಿ ಅಡ್ಡಾಡಿದ್ವೋ ಎಲ್ಲಾನೂ. ನಾ ಒಂದು ಸಲ ಕೇಳೀನಿ, ಅಷ್ಟೇ. ಆಮ್ಯಾಲೆ ಕೇಳಿದ್ರಾತು, ಇರತೈತಲ್ಲ ಅಂತ ಬಿಟ್ಟೆ."

ಅವನು ಅವತ್ತಿಗೂ ಶೈಲಜಾಳನ್ನು ಒಂದು ಮಾತೂ ಅಂದಿರಲಿಲ್ಲ. ಆದರೆ ಮುಂಚಿನಂತೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಹರಿತಾಳೇ ಒಂದು ದಾರಿ ಹುಡುಕಿದಳು. ಮನೆಯಲ್ಲಿ ಬೀರಯ್ಯನವರ ತುಟಿ ನೋಡಿ ಮಾತು ತಿಳಿಯುವವಳು ಆಕೆಯೊಬ್ಬಳೇ. ಅವರು ನಾಲ್ಕನೆಯ ಭಾಗವನ್ನು ಸದ್ದಿಲ್ಲದೆ ಹಾಡಲಿ, ತಾನು ನೋಡಿ ಬರೆದುಕೊಳ್ಳುತ್ತೇನೆ ಎಂದಳು. ಬೀರಯ್ಯ ಒಪ್ಪಿದರು. ಎದ್ದು ಕೈಕಾಲು ತೊಳೆದು ಬಂದು, ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು, ಪದ್ಮಾಸನ ಹಾಕಿ ಕೂತರು. ಶೈಲಜಾ ಫೋನಿನ ಕ್ಯಾಮೆರಾ ಅವರ ಮುಖಕ್ಕೆ ಹಿಡಿದಳು.

ತುಟಿ ಆಡತೊಡಗಿದವು. ತೊಡೆಯ ಮೇಲೆ ಕೈ ತಾಳ ಹಾಕುತ್ತಿತ್ತು. ಮನೆಯಲ್ಲಿ ತಾಳದ ಸದ್ದು, ಕುತ್ತಿಗೆಯ ಬಟ್ಟೆಯ ಹಿಂದಿನಿಂದ ಉಸಿರಿನ ಸದ್ದು, ಅಷ್ಟೇ. ಮುಖ ಮಾತ್ರ ಪೂರ್ತಿ ಹಾಡುತ್ತಿತ್ತು. ಹುಬ್ಬು ಏರುತ್ತಿತ್ತು, ಒಂದು ಕಡೆ ಕಣ್ಣು ತುಂಬಿ ಬಂತು. ಹರಿತಾ ಎರಡು ಸಾಲು ಬರೆದಳು. ಮೂರನೆಯದಕ್ಕೆ ತಡೆದಳು.

"ಮಾವ, ಮಳಿ ಅಂದ್ರೋ, ಬಳಿ ಅಂದ್ರೋ?"

ಅವರು ಮತ್ತೆ ಆಡಿಸಿದರು. ಹರಿತಾ ನಮ್ಮ ಕಡೆ ನೋಡಿದಳು. ಎರಡಕ್ಕೂ ತುಟಿ ಒಂದೇ ಸಮ ಮುಚ್ಚುತ್ತವೆ. ಅವರು ಮುಗಿಲು ತೋರಿಸಿದರು. "ಮಳಿ" ಎಂದಳು. ತಲೆಯಾಡಿಸಿದರು. ಮುಂದಿನದು ಯಾವುದೋ ಹುಲ್ಲಿನ ಹೆಸರು. ಹರಿತಾ ಗದ್ವಾಲದ ಪೇಟೆಯಲ್ಲಿ ಬೆಳೆದವಳು, ಆ ಹುಲ್ಲು ಕಂಡವಳಲ್ಲ. ಕೇಳಿರದ ಮಾತನ್ನು ತುಟಿಯಿಂದ ಹೇಗೆ ಓದುವುದು? ಅವರು ನೆಲದ ಮೇಲೆ ಬೆರಳಿನಿಂದ ಅದರ ಗರಿ ಬಿಡಿಸಿದರು. ಭೀಮಶಂಕರ ನಾಲ್ಕು ಹೆಸರು ಹೇಳಿದ, ನಾಲ್ಕೂ ಅಲ್ಲ. ಎರಡು ತಾಸಾಯಿತು. ನೋಟ್‌ಬುಕ್ಕಿನಲ್ಲಿ ಆರು ಸಾಲು.

ಬೀರಯ್ಯ ತಾಳ ನಿಲ್ಲಿಸಿದರು. ಬಾಯಿ ಅಗಲ ಮಾಡಿ, ಸದ್ದಿಲ್ಲದೆ ನಕ್ಕರು. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದರು. ಧರೂರಿನ ಬಸ್ಸಿಗೆ ಹೊತ್ತಾಗಿತ್ತು.

ಹಾಗೆ ಆರು ಭಾನುವಾರ ನಡೆಯಿತು. ಒಂದೊಂದು ಸಲ ನಾಲ್ಕು ಸಾಲು, ಒಂದೊಂದು ಸಲ ಒಂದು. ಅವರಿಗೆ ದಣಿವಾಗುತ್ತಿತ್ತು, ಒಮ್ಮೆ ಕೆಮ್ಮು ಹತ್ತಿ ಕುತ್ತಿಗೆಯ ಬಟ್ಟೆಯಲ್ಲಿ ರಕ್ತ ಕಂಡಿತು. ಡಾಕ್ಟರು ಹೆಚ್ಚು ಶ್ರಮ ಬೇಡ ಎಂದರು. ಏಳನೆಯ ಭಾನುವಾರ ಹರಿತಾ ನೋಟ್‌ಬುಕ್ ತೆಗೆದಾಗ ಬೀರಯ್ಯ ಅದನ್ನು ಮುಚ್ಚಿ ಆಕೆಯ ಕೈಗೆ ಕೊಟ್ಟರು. ಒಂದು ಬೆರಳು ತೋರಿಸಿದರು. ಆಕೆ ಮೊದಲನೆಯ ಭಾಗವನ್ನೇ ಹಚ್ಚಿದಳು.

ಈಗಲೂ ಬರುತ್ತಾರೆ. ಒಂದು, ಎರಡು, ಅರ್ಧ ಆರು, ಇಷ್ಟರಲ್ಲೇ ಯಾವುದಾದರೂ ಕೇಳಿ ಹೋಗುತ್ತಾರೆ. ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ಭಾಗದ ಹತ್ತೊಂಬತ್ತು ಸಾಲಿವೆ, ಏಳರ ಮುಂದೆ ಪ್ರಶ್ನೆ ಚಿಹ್ನೆ. ಶೈಲಜಾ ಆ ಆರು ವಾರದ ವಿಡಿಯೋಗಳನ್ನು ಮೂರು ಕಡೆ ಇಟ್ಟಿದ್ದಾಳೆ. ಧ್ವನಿಯಿಲ್ಲದ ಹನ್ನೊಂದು ತಾಸು ಅದು. ಬಲ್ಲವರು ಯಾರಾದರೂ ಮುಂದೆ ನೋಡಿ ಓದಬಹುದೇನೋ ಎಂದು ಒಮ್ಮೆ ಅಂದಳು. ಯಾರು ಬಲ್ಲವರು ಎಂದು ನಾನು ಕೇಳಲಿಲ್ಲ.

ಯುರೋಪಿನ ಮುದುಕ ಎರಡು ಸಲ ಪತ್ರ ಬರೆದ, ನಿನ್ನಂಥವರು ಬಿಡಬಾರದು, ಮತ್ತೆ ಏನಾದರೂ ಕಳಿಸು ಎಂದು. ಆಕೆ ಇನ್ನೂ ಉತ್ತರ ಬರೆದಿಲ್ಲ. ಮೊನ್ನೆ ಸಂಜೆ ಅದೇ ಫೈಲ್ ಸಿಸ್ಟಮ್ಮಿನ ಕೋಡ್ ತೆರೆದು ಓದುತ್ತ ಕೂತಿದ್ದಳು. ಇನ್ನೊಂದು ಕಡೆಯೂ ಹೀಗೇ ಎರಡು ಒಂದೇ ತರಹದವು ಕಂಡವಂತೆ. ಒಂದಕ್ಕೊಂದು ಹೊಂದಿಸಿ, ಸಾಲು ಸಾಲಾಗಿ ನೋಡಿದಳು. ಒಂದು ಅಕ್ಷರವೂ ವ್ಯತ್ಯಾಸವಿರಲಿಲ್ಲ ಎಂದು ಹೇಳಿದಳು.

"ತಗೀತೀಯೇನು?" ಎಂದೆ.

"ಗೊತ್ತಿಲ್ರಿ" ಎಂದಳು. ಲ್ಯಾಪ್‌ಟಾಪ್ ಮುಚ್ಚಿ, ಒಣಗಿದ ಬಟ್ಟೆ ತರಲು ಮಾಳಿಗೆಯ ಮೇಲೆ ಹೋದಳು.